ಹೆರಿಗೆಯ ವೆಚ್ಚ ಮತ್ತು ವೈಯಕ್ತಿಕ ಆರೋಗ್ಯವಿಮೆ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಕುಟುಂಬಗಳ ದೃಷ್ಟಿಯಿಂದ

ವಿಮೆ ಎಂಬುದು ಬರಬಹುದಾದ, ಬಾರದೆಯೂ ಇರಬಹುದಾದ ನಷ್ಟವನ್ನು ಹಲವರು ಕೂಡಿ ಹಂಚಿಕೊಳ್ಳುವ ಏರ್ಪಾಡು. ಯಾರ ಮನೆಗೆ ಬೆಂಕಿ ಬೀಳುವುದೆಂದು ಮುಂದಾಗಿ ತಿಳಿಯದೆ ಇರುವುದರಿಂದಲೇ ನೂರು ಮನೆಯವರು ಅಲ್ಪಸ್ವಲ್ಪ ಹಣ ಹಾಕಿ ಒಂದು ಮನೆಯ ನಷ್ಟವನ್ನು ತುಂಬಿಕೊಡುವುದು ಸಾಧ್ಯವಾಗುತ್ತದೆ. ಹೆರಿಗೆ ಈ ಲಕ್ಷಣಕ್ಕೆ ಸುಲಭವಾಗಿ ಒಗ್ಗುವ ಸಂಗತಿಯಲ್ಲ. ಬಹುಮಟ್ಟಿಗೆ ಅದು ದಂಪತಿಗಳು ಬಯಸಿ, ಕಾಲವನ್ನೂ ತಕ್ಕಮಟ್ಟಿಗೆ ತಾವೇ ನಿಶ್ಚಯಿಸಿ ಬರಮಾಡಿಕೊಳ್ಳುವ ಶುಭಕಾರ್ಯ. ಆದರೆ ಅದೇ ಶುಭಕಾರ್ಯದ ಬೆನ್ನಿಗೆ ಯಾರೂ ಬಯಸದ, ಯಾರೂ ಮುಂದಾಗಿ ಕಾಣಲಾರದ ಅಪಾಯಗಳೂ ಇವೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಕನ್ನಡನಾಡಿನ ಹಿರಿಯ ಹೆಂಗಸರು ಹೇಳುತ್ತ ಬಂದಿರುವುದು ಬರಿಯ ಮಾತಿನ ಚೆಲುವಿಗಾಗಿ ಅಲ್ಲ. ಹೀಗೆ ಒಂದೇ ಘಟನೆಗೆ ಎರಡು ಸ್ವಭಾವಗಳಿರುವುದರಿಂದ ವಿಮಾ ಕಂಪನಿಯು ಮೊದಲನೆಯದನ್ನು ಕಂಡು ಹಿಂಜರಿಯುತ್ತದೆ. ಕುಟುಂಬವು ಎರಡನೆಯದನ್ನು ನೆನೆದು ವಿಮೆಯನ್ನು ಹುಡುಕುತ್ತದೆ. ಹೆರಿಗೆಯ ವೆಚ್ಚವನ್ನು ಒಳಗೊಳ್ಳುವ ಪಾಲಿಸಿಗಳ ನಿಬಂಧನೆಗಳಲ್ಲಿ ಕಾಣುವ ತೊಡಕುಗಳಿಗೆಲ್ಲ ಮೂಲವು ಇಲ್ಲಿದೆ.

ಥಾಣೆಯಿಂದ ಕಲ್ಯಾಣದವರೆಗಿನ ರೈಲುದಾರಿಯ ಇಕ್ಕೆಲಗಳಲ್ಲಿಯೂ, ಖಾಡಿಯ ಆಚೆಗೆ ವಾಶಿಯಿಂದ ಪನವೇಲಿನವರೆಗೂ ನೆಲೆಸಿದ ಕನ್ನಡಿಗರಿಗೆ ಈ ತೊಡಕು ಹೊಸದು. ಹಿಂದಿನ ತಲೆಮಾರಿನವರಲ್ಲಿ ಅನೇಕರು ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ಥಾಣೆ-ಬೇಲಾಪುರ ಪಟ್ಟಿಯ ಕಾರಖಾನೆಗಳಲ್ಲಿ ಸಂಬಳಕ್ಕಿದ್ದವರು. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳ ಹೆಸರುಗಳು ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಬಂಧುಗಳ ಹೆಸರಿನಷ್ಟೇ ಬಳಕೆಯಲ್ಲಿದ್ದವು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಅಂಥ ನೌಕರಿಯಲ್ಲಿ ಮನೆಯೊಡತಿಯ ಹೆರಿಗೆಯ ಖರ್ಚು ಬಹುಪಾಲು ಕಛೇರಿಯ ಕಡತದಲ್ಲಿಯೇ ಇತ್ಯರ್ಥವಾಗುತ್ತಿತ್ತು. ಈಗಿನ ತಲೆಮಾರಿನವರಲ್ಲಿ ಸ್ವಂತ ಹೋಟೆಲು ನಡೆಸುವವರು, ಲೆಕ್ಕಪರಿಶೋಧಕರು, ಮನೆಪಾಠ ಹೇಳುವವರು, ಕರಾರಿನ ಮೇಲೆ ದುಡಿಯುವ ತಂತ್ರಜ್ಞರು, ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರು ಹೆಚ್ಚು. ಇವರ ಪಾಲಿಗೆ ಪಾಲಿಸಿಯನ್ನು ತಾವೇ ಆರಿಸಿ ಕೊಳ್ಳುವ ಹೊಣೆ ಬಂದಿದೆ.

ಕಾನೂನು ಕೊಡುವುದು ಮತ್ತು ಕೊಡದಿರುವುದು

ಹೆರಿಗೆಯ ಸೌಲಭ್ಯದ ಚರಿತ್ರೆಯಲ್ಲಿ ಮುಂಬಯಿ ಪ್ರಾಂತಕ್ಕೆ ವಿಶೇಷ ಸ್ಥಾನವಿದೆ. ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯು ಬಿದ್ದುಹೋಯಿತು. ಬಳಿಕ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇದೇ ಉದ್ದೇಶದ ಮಸೂದೆ ಬಂದಾಗ, 1928ರ ಜುಲೈ 28ರಂದು ಡಾ. ಬಿ. ಆರ್. ಅಂಬೇಡ್ಕರರು ಅದನ್ನು ಸಮರ್ಥಿಸಿ ಮಾತನಾಡಿದರು. ಪ್ರಜೆಗಳ ಹಿತರಕ್ಷಣೆ ಸರಕಾರದ ಮೊದಲ ಕರ್ತವ್ಯವಾದುದರಿಂದ ಈ ಭಾರದ ದೊಡ್ಡ ಪಾಲನ್ನು ಸರಕಾರವೇ ಹೊರುವುದು ನ್ಯಾಯವೆಂದೂ, ಆದರೆ ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಯಜಮಾನನೂ ಅದರಿಂದ ತಪ್ಪಿಸಿಕೊಳ್ಳಲಾಗದೆಂದೂ ಅವರ ವಾದವಾಗಿತ್ತು. 1929ರಲ್ಲಿ ಜಾರಿಗೆ ಬಂದ ಮುಂಬಯಿಯ ಕಾಯಿದೆಯು ಭಾರತದಲ್ಲಿ ಈ ಬಗೆಯ ಮೊದಲನೆಯದು. ಅದರ ಮೇರೆಗೆ ಕಾರಖಾನೆಯ ಹೆಂಗಸಿಗೆ ದಿನವೊಂದಕ್ಕೆ ಎಂಟಾಣೆ ದೊರೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಇಂಥ ಕಾಯಿದೆ 1937ರಲ್ಲಿ ಬಂದಿತು. ಮುಂದೆ 1961ರ ಕೇಂದ್ರ ಕಾಯಿದೆಯು 12 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿಯಿಂದ ಅದು ಮೊದಲ ಎರಡು ಮಕ್ಕಳ ಮಟ್ಟಿಗೆ 26 ವಾರಗಳಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಸುರಕ್ಷತಾ ಸಂಹಿತೆಯಲ್ಲಿ ಈ ನಿಬಂಧನೆಗಳೇ ಮುಂದುವರಿದಿವೆ.

ಇಲ್ಲಿ ವಿದ್ಯಾವಂತರಲ್ಲಿಯೂ ಕಂಡುಬರುವ ಒಂದು ಭ್ರಮೆಯನ್ನು ತಿದ್ದುವುದು ಅವಶ್ಯ. ಈ ಕಾನೂನುಗಳು ಕೊಡುವುದು ಮುಖ್ಯವಾಗಿ ರಜೆ ಮತ್ತು ರಜೆಯ ಅವಧಿಯ ಸಂಬಳ, ಆಸ್ಪತ್ರೆಯ ಬಿಲ್ಲನ್ನಲ್ಲ. ಯಜಮಾನನು ಹೆರಿಗೆಯ ಮುಂಚಿನ ಹಾಗೂ ಅನಂತರದ ಶುಶ್ರೂಷೆಯನ್ನು ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿಗಳ ವೈದ್ಯಕೀಯ ಬೋನಸ್ಸನ್ನು ಕೊಡಬೇಕೆಂದಿದೆ. ನವಿಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಈ ಮೊತ್ತವು ಎಷ್ಟು ಹೊತ್ತಿಗೆ ಸಾಲುವುದೆಂಬುದನ್ನು ವಾಚಕರೇ ಊಹಿಸಬಹುದು. ಸ್ವಂತ ಉದ್ಯೋಗದಲ್ಲಿರುವವಳಿಗೆ ಈ ಕಾನೂನು ಇಷ್ಟನ್ನೂ ಕೊಡುವುದಿಲ್ಲ.

ನೌಕರರ ರಾಜ್ಯ ವಿಮಾ ಯೋಜನೆಯ ಮಾತು ಬೇರೆ. 1948ರ ಕಾಯಿದೆಯಂತೆ 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಈ ಯೋಜನೆಯು, ತಿಂಗಳಿಗೆ 21,000 ರೂಪಾಯಿಗಳವರೆಗೆ ಸಂಬಳವಿರುವ ನೌಕರರಿಗೆ ಚಿಕಿತ್ಸೆಯನ್ನೂ, ವಿಮೆಯುಳ್ಳ ಹೆಂಗಸಿಗೆ ಚಿಕಿತ್ಸೆಯೊಂದಿಗೆ 26 ವಾರಗಳ ಪೂರ್ಣ ವೇತನವನ್ನೂ ಕೊಡುತ್ತದೆ. ವಿಮೆಯುಳ್ಳ ಗಂಡಸಿನ ಹೆಂಡತಿಗೂ ಹೆರಿಗೆಯ ಚಿಕಿತ್ಸೆ ಸಲ್ಲುತ್ತದೆಂಬುದು ಉಡುಪಿ ಹೋಟೆಲುಗಳ ಅನೇಕ ಕೆಲಸಗಾರರಿಗೆ ತಿಳಿದಂತಿಲ್ಲ. ಥಾಣೆಯ ವಾಗಳೆ ಎಸ್ಟೇಟಿನಲ್ಲಿಯೂ ಉಲ್ಹಾಸನಗರದಲ್ಲಿಯೂ ಈ ಯೋಜನೆಯ ಆಸ್ಪತ್ರೆಗಳಿವೆ. ಹೋಟೆಲಿನ ಮಾಲೀಕರು ತಮ್ಮ ಕುಟುಂಬಕ್ಕೆ ಪಾಲಿಸಿಯನ್ನು ಹುಡುಕುವಾಗ, ತಮ್ಮಲ್ಲಿ ದುಡಿಯುವವರ ಹೆಸರುಗಳು ಈ ಯೋಜನೆಯಲ್ಲಿ ಸೇರಿವೆಯೆ ಎಂದು ಒಮ್ಮೆ ನೋಡಿಕೊಂಡರೆ ಅದೂ ಈ ವಿಷಯಕ್ಕೆ ಸೇರಿದ ಕೆಲಸವೇ ಆದೀತು.

ಸಂಬಳದಾರರಿಗೆ ಮೂರನೆಯ ಆಸರೆ ಕಛೇರಿಯ ಸಮೂಹವಿಮೆ. 2015ರಲ್ಲಿ ಬ್ಯಾಂಕು ನೌಕರರಿಗಾಗಿ ಏರ್ಪಟ್ಟ ವೈದ್ಯಕೀಯ ವಿಮೆಯಲ್ಲಿ ಸಹಜ ಹೆರಿಗೆಗೆ 50,000, ಸಿಸೇರಿಯನ್‌ಗೆ 75,000 ರೂಪಾಯಿಗಳ ಮಿತಿ ಇತ್ತು. ಸಮೂಹವಿಮೆಯಲ್ಲಿ ನೂರಾರು ಜನ ಒಟ್ಟಿಗೆ ಸೇರುತ್ತಾರೆ. ಹೆರಿಗೆಗಾಗಿಯೇ ಸೇರಿದವರು ಅವರಲ್ಲಿ ವಿರಳ. ಆದಕಾರಣ ಕಾಯುವ ಅವಧಿಯನ್ನು ಬಿಟ್ಟುಕೊಡುವುದು ಅಲ್ಲಿ ಕಂಪನಿಗೆ ಕಷ್ಟವಲ್ಲ. ಆದರೆ ಕೆಲಸ ಹೋದ ದಿನ ಈ ಆಸರೆಯೂ ಹೋಗುತ್ತದೆ. ಬಸಿರಿಯಾದ ಹೆಂಗಸು, ಅಥವಾ ಅವಳ ಗಂಡ, ಐದನೆಯ ತಿಂಗಳಿನಲ್ಲಿ ಕೆಲಸ ಬಿಡಬೇಕಾಗಿ ಬಂದರೆ ಆಮೇಲೆ ಮಾರುಕಟ್ಟೆಯಲ್ಲಿ ಯಾವ ಪಾಲಿಸಿಯೂ ಆ ಹೆರಿಗೆಗೆ ಒದಗದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಹದಿನೆಂಟನೆಯ ಹೊರತು

ಭಾರತದಲ್ಲಿ ವೈಯಕ್ತಿಕ ಆರೋಗ್ಯವಿಮೆಯು ಜನಬಳಕೆಗೆ ಬಂದುದು 1986ರಲ್ಲಿ, ಸರಕಾರೀ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ಹೊರತಂದಾಗ. ಹೆರಿಗೆಯು ಅಂದಿನಿಂದಲೂ ಸಾಮಾನ್ಯವಾಗಿ ಅದರ ಹೊರಗೇ ಉಳಿದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಎಲ್ಲ ಕಂಪನಿಗಳ ‘ಹೊರತು’ಗಳಿಗೆ ಒಂದೇ ಬಗೆಯ ಭಾಷೆಯನ್ನೂ ಸಂಕೇತಸಂಖ್ಯೆಯನ್ನೂ ಗೊತ್ತುಪಡಿಸಿತು. ಆ ಪಟ್ಟಿಯಲ್ಲಿ ಹದಿನೆಂಟನೆಯದು ಹೆರಿಗೆ. ಪಾಲಿಸಿಯ ಪುಸ್ತಿಕೆಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕಬೇಕಾದುದು ಈ ಸಂಖ್ಯೆಯನ್ನು.

ಅದರ ಒಕ್ಕಣೆಯ ತಾತ್ಪರ್ಯವಿಷ್ಟು: ಹೆರಿಗೆಯಿಂದ ಉಂಟಾದ ಚಿಕಿತ್ಸಾವೆಚ್ಚಗಳು, ತೊಡಕಿನ ಹೆರಿಗೆ ಹಾಗೂ ಸಿಸೇರಿಯನ್ ಸಹಿತವಾಗಿ, ಸಲ್ಲುವುದಿಲ್ಲ, ಗರ್ಭಕೋಶದ ಹೊರಗೆ ನಿಂತ ಗರ್ಭಕ್ಕೆ ಮಾತ್ರ ಈ ಹೊರತು ತಾಗುವುದಿಲ್ಲ. ಗರ್ಭಪಾತದ ವೆಚ್ಚವೂ, ಅಪಘಾತದಿಂದ ಆದುದನ್ನು ಬಿಟ್ಟರೆ, ಸಲ್ಲುವುದಿಲ್ಲ. ಕಾನೂನುಸಮ್ಮತ ಗರ್ಭಸಮಾಪ್ತಿಯದೂ ಇಲ್ಲ. ಈ ಒಕ್ಕಣೆಯಲ್ಲಿ ‘ತೊಡಕಿನ ಹೆರಿಗೆ’ ಎಂಬ ಎರಡು ಪದಗಳನ್ನು ಅವಸರದಲ್ಲಿ ದಾಟಿಹೋಗುವಂತಿಲ್ಲ. ‘ಸಹಜ ಹೆರಿಗೆಯ ಖರ್ಚನ್ನು ಹೇಗೋ ನಿಭಾಯಿಸುತ್ತೇವೆ, ಏನಾದರೂ ಹೆಚ್ಚುಕಡಮೆಯಾದರೆ ಹತ್ತು ಲಕ್ಷದ ಪಾಲಿಸಿ ಇದ್ದೇ ಇದೆ’ ಎಂಬುದು ಅನೇಕ ದಂಪತಿಗಳ ನಂಬಿಕೆ. ಹೆರಿಗೆಯ ಸೌಲಭ್ಯವಿಲ್ಲದ ಪಾಲಿಸಿಯು ಆ ಹೆಚ್ಚುಕಡಮೆಗೂ ಕೊಡುವುದಿಲ್ಲ. ರಕ್ತದೊತ್ತಡವೇರಿ ಅವಧಿಗೆ ಮುಂಚೆ ಶಸ್ತ್ರಕ್ರಿಯೆ ಮಾಡಬೇಕಾಗಿ ಬಂದರೂ, ಹೆರಿಗೆಯಾದ ಮೇಲೆ ರಕ್ತಸ್ರಾವವಾಗಿ ನಾಲ್ಕು ದಿನ ತೀವ್ರ ನಿಗಾ ವಿಭಾಗದಲ್ಲಿ ಇರಬೇಕಾದರೂ, ಅದು ‘ಹೆರಿಗೆಯಿಂದ ಉಂಟಾದುದು’ ಎಂಬ ಮಾತಿಗೆ ಒಳಪಡುತ್ತದೆ. ವಿಮೆಯ ಮೂಲತತ್ತ್ವದ ದೃಷ್ಟಿಯಿಂದ ನೋಡಿದರೆ ಇದು ವಿಚಿತ್ರವೇ ಸರಿ: ನಿಜವಾಗಿ ಅನಿಶ್ಚಿತವಾದ, ನಿಜವಾಗಿ ದೊಡ್ಡದಾದ ನಷ್ಟವೇ ನಿಶ್ಚಿತವಾದ ಸಣ್ಣ ವೆಚ್ಚದ ಜೊತೆಗೆ ಸೇರಿ ಹೊರಗಾಯಿತು.

ಆದುದರಿಂದ ಹೆರಿಗೆಯನ್ನು ಒಳಗೊಳ್ಳುವ ಪಾಲಿಸಿಗಳನ್ನು ಹೋಲಿಸುವಾಗ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತಾರೆ’ ಎಂಬುದಾಗಬಾರದು. ತಾಯಿಗೆ ಜೀವಾಪಾಯದ ತೊಡಕು ಬಂದಾಗ ಆ ವೆಚ್ಚವು ಹೆರಿಗೆಯ ಸಣ್ಣ ಮಿತಿಯೊಳಗೇ ಮುಗಿಯುವುದೋ, ಪಾಲಿಸಿಯ ಪೂರ್ಣ ಮೊತ್ತದಿಂದ ಸಲ್ಲುವುದೋ ಎಂಬುದು ಅದಕ್ಕಿಂತ ಮುಖ್ಯ. ಕೂಸಿನ ವಿಷಯದಲ್ಲಿಯೂ ಇದೇ ಪ್ರಶ್ನೆ. ವಿಮೆಯ ಪರಿಭಾಷೆಯಲ್ಲಿ ‘ನವಜಾತ ಶಿಶು’ ಎಂದರೆ ಪಾಲಿಸಿಯ ಅವಧಿಯಲ್ಲಿ ಹುಟ್ಟಿದ, 90 ದಿನಗಳವರೆಗಿನ ಕೂಸು. ಅನೇಕ ಸಾಮಾನ್ಯ ಪಾಲಿಸಿಗಳು ಮಗುವನ್ನು 91ನೆಯ ದಿನದಿಂದ ಮಾತ್ರ ಸೇರಿಸಿಕೊಳ್ಳುತ್ತವೆ. ಎಳೆಗೂಸಿಗೆ ಅಪಾಯವಿರುವುದು ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚೆಂಬುದನ್ನು ಯಾವ ಅಜ್ಜಿಯೂ ಹೇಳಬಲ್ಲಳು. ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ವಾರಗಟ್ಟಲೆ ನವಜಾತ ಶಿಶುಗಳ ನಿಗಾ ವಿಭಾಗದಲ್ಲಿ ಇರಿಸಬೇಕಾದರೆ ಆ ಬಿಲ್ಲು ತಾಯಿಯ ಹೆರಿಗೆಯ ಬಿಲ್ಲನ್ನು ಎಷ್ಟೋ ಪಾಲು ಮೀರುತ್ತದೆ. ಹುಟ್ಟಿದ ದಿನದಿಂದಲೇ ಕೂಸಿಗೆ ವಿಮೆ ಇದೆಯೆ, ಇದ್ದರೆ ಅದರ ಮಿತಿ ಪ್ರತ್ಯೇಕವಾದುದೆ, ತಾಯಿಯ ಮಿತಿಯಲ್ಲಿಯೇ ಅಡಗಿದೆಯೆ, ಹುಟ್ಟಿನಿಂದ ಬಂದ ಒಳಗಿನ ದೋಷಗಳಿಗೆ ಸಲ್ಲುತ್ತದೆಯೆ ಎಂಬ ಪ್ರಶ್ನೆಗಳಿಗೆ ಏಜೆಂಟರ ಬಾಯಿಮಾತಿನಲ್ಲಿ ಅಲ್ಲದೆ ಬರೆಹದಲ್ಲಿ ಉತ್ತರ ಪಡೆಯುವುದು ಲೇಸು. ಐವತ್ತು ಸಾವಿರದ ಹೆರಿಗೆ ಮಿತಿಯನ್ನು ದೊಡ್ಡ ಅಕ್ಷರಗಳಲ್ಲಿ ಸಾರುವ ಪಾಲಿಸಿಗಿಂತ, ಸಣ್ಣ ಮಿತಿ ಇಟ್ಟು ಕೂಸಿಗೆ ಮೊದಲ ದಿನದಿಂದ ಪೂರ್ಣ ರಕ್ಷಣೆ ಕೊಡುವ ಪಾಲಿಸಿಯು ಬಹುಪಾಲು ಕುಟುಂಬಗಳಿಗೆ ಮೇಲು.

ಬಾಣಂತಿಯ ಮನಸ್ಸಿನ ಆರೋಗ್ಯದ ವಿಷಯವಾಗಿ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ದೈಹಿಕ ರೋಗಗಳಿಗೆ ಯಾವ ಆಧಾರದ ಮೇಲೆ ವಿಮೆ ದೊರೆಯುವುದೋ ಮಾನಸಿಕ ರೋಗಗಳಿಗೂ ಅದೇ ಆಧಾರದ ಮೇಲೆ ದೊರೆಯಬೇಕು. ಹೆರಿಗೆಯ ಅನಂತರದ ಖಿನ್ನತೆಗಾಗಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, ಹಿರಿಯರು ಅದನ್ನು ‘ಬಾಣಂತಿಗೆ ಸೋಂಕು’ ಎಂದು ಮುಚ್ಚಿಡದೆ ಈ ನಿಬಂಧನೆಯನ್ನು ನೆನಪಿಗೆ ತಂದುಕೊಳ್ಳಬೇಕು.

ಕಾಯುವ ಕಾಲ, ಮಿತಿ ಮತ್ತು ಕೂಡುಕಳೆಯುವ ಲೆಕ್ಕ

ವೈಯಕ್ತಿಕ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿಯು ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷಗಳವರೆಗೆ ನಾನಾ ಬಗೆಯಾಗಿದೆ. ಇದರ ಕಾರಣ ಸ್ಪಷ್ಟ. ಮಗು ಬೇಕೆಂದು ನಿಶ್ಚಯಿಸಿದವರು ಮಾತ್ರ ಈ ಸೌಲಭ್ಯವನ್ನು ಕೊಂಡು, ಹೆರಿಗೆಯಾದೊಡನೆ ಪಾಲಿಸಿಯನ್ನು ಬಿಟ್ಟುಬಿಟ್ಟರೆ, ನೂರು ಮನೆಯವರು ಹಾಕಿದ ಹಣವನ್ನು ನೂರು ಮನೆಯವರೂ ಹಿಂತೆಗೆದಂತಾಗಿ ಕೂಡುನಿಧಿಯೇ ಉಳಿಯದು. ಕಾಯುವ ಅವಧಿಯು ಇದಕ್ಕೆ ಕಟ್ಟಿದ ಕಟ್ಟೆ. ಕಂಪನಿಯವರನ್ನು ಇದಕ್ಕಾಗಿ ತೆಗಳುವುದು ಸುಲಭ. ಆದರೆ ಅವಧಿಯೇ ಇಲ್ಲದ ಪಾಲಿಸಿಯು ಹೆರಿಗೆಯ ಖರ್ಚಿನಷ್ಟೇ ಪ್ರೀಮಿಯಂ ಕೇಳಬೇಕಾದೀತು. ಅವಧಿ ಚಿಕ್ಕದಾದಷ್ಟೂ ಪ್ರೀಮಿಯಂ ಏರುವುದು ಇದರಿಂದಲೇ.

ಒಂದು ಉದಾಹರಣೆಯ ಲೆಕ್ಕವನ್ನು ಮಾಡಬಹುದು. ಇಲ್ಲಿಯ ಅಂಕಿಗಳು ಯಾವ ಕಂಪನಿಯವೂ ಅಲ್ಲ, ಲೆಕ್ಕದ ಸೌಕರ್ಯಕ್ಕಾಗಿ ಹಿಡಿದವು. ಹೆರಿಗೆಯ ಸೌಲಭ್ಯಕ್ಕಾಗಿ ವರ್ಷಕ್ಕೆ 6,000 ರೂಪಾಯಿ ಹೆಚ್ಚು ಪ್ರೀಮಿಯಂ, ಎರಡು ವರ್ಷ ಕಾಯುವ ಅವಧಿ, 50,000 ರೂಪಾಯಿಗಳ ಮಿತಿ ಎಂದಿಟ್ಟುಕೊಳ್ಳೋಣ. ಮೂರನೆಯ ವರ್ಷದಲ್ಲಿ ಹೆರಿಗೆಯಾದರೆ ಕೊಟ್ಟುದು 18,000, ಬರುವುದು 50,000. ನಿವ್ವಳ ಲಾಭ 32,000. ಅದೇ ಸೌಲಭ್ಯಕ್ಕೆ ವರ್ಷಕ್ಕೆ 15,000 ಹೆಚ್ಚು ಕೇಳಿದರೆ ಮೂರು ವರ್ಷಕ್ಕೆ ಕೊಟ್ಟುದು 45,000. ಬರುವುದು 50,000 ಮಾತ್ರ. ಬ್ಯಾಂಕಿನಲ್ಲಿ ತಿಂಗಳ ಠೇವಣಿ ಕಟ್ಟಿದ್ದರೆ ಬಡ್ಡಿಸಹಿತ ಅಷ್ಟೇ ಹಣ ಕೈಯಲ್ಲಿರುತ್ತಿತ್ತು. ಮಗು ಎರಡನೆಯ ವರ್ಷದಲ್ಲಿಯೇ ಬಂದರೂ ಆ ಹಣ ಒದಗುತ್ತಿತ್ತು, ಪಾಲಿಸಿಯ ಹಣವಾದರೋ ಒದಗುತ್ತಿರಲಿಲ್ಲ. ಹೀಗಾಗಿ ಬರಿಯ ಹೆರಿಗೆಯ ಮಿತಿಯ ಆಸೆಯಿಂದ ದುಬಾರಿ ಪಾಲಿಸಿ ಕೊಳ್ಳುವುದು ಎಷ್ಟೋ ಸಂದರ್ಭಗಳಲ್ಲಿ ಹಣದ ಅಪವ್ಯಯ. ತಾಯಿಯ ತೊಡಕು ಮತ್ತು ಕೂಸಿನ ರಕ್ಷಣೆ ಅದರೊಂದಿಗೆ ಸೇರಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಸಿಸೇರಿಯನ್‌ನ ಸಂಭವವನ್ನು ಈ ಲೆಕ್ಕದಲ್ಲಿ ಹಿಡಿಯದೆ ಇರಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್. ಸರಕಾರೀ ಆಸ್ಪತ್ರೆಗಳಲ್ಲಿ ಇದು 14.3 ಇದ್ದರೆ ಖಾಸಗಿ ಆಸ್ಪತ್ರೆಗಳಲ್ಲಿ 47.4. ಈ ಅಂತರಕ್ಕೆ ವೈದ್ಯಶಾಸ್ತ್ರವೊಂದೇ ಕಾರಣವೆಂದು ನಂಬುವುದು ಕಷ್ಟ. ಅದೇನಿದ್ದರೂ ಖಾಸಗಿ ಆಸ್ಪತ್ರೆಗೆ ಹೋಗಲು ನಿಶ್ಚಯಿಸಿದವರು ಸಿಸೇರಿಯನ್‌ನ ಖರ್ಚನ್ನೇ ಗಣನೆಗೆ ತಂದುಕೊಂಡು ಹಣ ಹೊಂದಿಸುವುದು ವಿವೇಕ.

ಕಾಯುವ ಅವಧಿಯ ಎಣಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಗನಿಗೆ ಹಿಂದೆಯೇ ಪಾಲಿಸಿ ಇದ್ದು ಮದುವೆಯಾದ ಮೇಲೆ ಸೊಸೆಯ ಹೆಸರನ್ನು ಸೇರಿಸಿದರೆ, ಎಣಿಕೆಯು ಅವಳ ಹೆಸರು ಸೇರಿದ ದಿನದಿಂದ ಆರಂಭವಾಗುವುದು ಸಾಮಾನ್ಯ. ಕೆಲವು ಪಾಲಿಸಿಗಳಲ್ಲಿ ಗಂಡಹೆಂಡಿರಿಬ್ಬರೂ ಒಂದೇ ಪಾಲಿಸಿಯಲ್ಲಿ ಇರಬೇಕೆಂಬ ನಿಯಮವಿದೆ. ಮದುವೆಯ ಖರ್ಚಿನ ಗದ್ದಲದಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಮದುವೆಯಾದ ತಿಂಗಳಿನಲ್ಲಿಯೇ ಹೆಸರು ಸೇರಿಸಿದವರಿಗೂ, ಸೀಮಂತದ ಹೊತ್ತಿಗೆ ನೆನಪಾದವರಿಗೂ ಇರುವ ಅಂತರ ಒಂದು ಹೆರಿಗೆಯಷ್ಟು. ಹೆರಿಗೆಗಳ ಸಂಖ್ಯೆಯನ್ನು ಎರಡಕ್ಕೆ ಮಿತಿಗೊಳಿಸುವುದೂ ಸಾಮಾನ್ಯವೇ. ತಿಂಗಳು ತಿಂಗಳಿನ ತಪಾಸಣೆ, ಸ್ಕ್ಯಾನು, ಔಷಧಿಗಳ ಖರ್ಚು ಬಹುತೇಕ ಪಾಲಿಸಿಗಳಲ್ಲಿ ಸಲ್ಲದು, ಸಂದರೂ ಅದೇ ಮಿತಿಯಲ್ಲಿ ಕಳೆದುಹೋಗುತ್ತದೆ. ಬಂಜೆತನದ ಚಿಕಿತ್ಸೆಗೆ ಹದಿನೇಳನೆಯ ಹೊರತು ಪ್ರತ್ಯೇಕವಾಗಿಯೇ ಇದೆ. 2021ರ ಬಾಡಿಗೆತಾಯ್ತನದ ಕಾಯಿದೆಯು ಬಾಡಿಗೆತಾಯಿಗೆ 36 ತಿಂಗಳ ಆರೋಗ್ಯವಿಮೆಯನ್ನು ಕಡ್ಡಾಯ ಮಾಡಿರುವುದನ್ನು ಇದರೊಡನೆ ಇಟ್ಟು ನೋಡಿದರೆ, ಸ್ವಂತ ಹೆಂಡತಿಗೆ ಅಷ್ಟು ಮುಂದಾಲೋಚನೆ ಮಾಡೆಂದು ಯಾವ ಕಾನೂನೂ ಗಂಡನಿಗೆ ಹೇಳಿಲ್ಲವೆಂಬುದು ಗಮನಕ್ಕೆ ಬರುತ್ತದೆ.

ಆರೋಗ್ಯದ ಹಿಂದಿನ ಸಂಗತಿಗಳನ್ನು ಅರ್ಜಿಯಲ್ಲಿ ಮುಚ್ಚಿಡುವುದರಿಂದ ಆಗುವ ಹಾನಿ ದೊಡ್ಡದು. ಥೈರಾಯಿಡ್ಡಿನ ಮಾತ್ರೆ, ಹಿಂದಿನ ಗರ್ಭಪಾತ, ಅಂಡಾಶಯದ ಗಂಟುಗಳು, ಇವನ್ನು ಮನೆಯವರಿಂದ ಮುಚ್ಚಿಟ್ಟಂತೆಯೇ ಅರ್ಜಿಯಲ್ಲಿಯೂ ಮುಚ್ಚಿಟ್ಟವರಿದ್ದಾರೆ. ಹೆರಿಗೆಗೆ ಸೇರಿದ ದಿನ ವೈದ್ಯರು ಬರೆಯುವ ಮೊದಲ ಟಿಪ್ಪಣಿಯಲ್ಲಿಯೇ ಇವೆಲ್ಲ ಹೊರಬೀಳುತ್ತವೆ. 2024ರ ನಿಯಮಗಳಂತೆ ಹಿಂದಿನಿಂದ ಇದ್ದ ರೋಗಗಳಿಗೆ ಕಾಯುವ ಅವಧಿ 36 ತಿಂಗಳನ್ನು ಮೀರುವಂತಿಲ್ಲ. 60 ತಿಂಗಳು ಎಡೆಬಿಡದೆ ಪಾಲಿಸಿ ನಡೆದ ಮೇಲೆ, ವಂಚನೆ ಸಿದ್ಧವಾದ ಹೊರತು, ಮುಚ್ಚಿಟ್ಟರೆಂಬ ಕಾರಣದಿಂದ ಕ್ಲೇಮನ್ನು ನಿರಾಕರಿಸುವಂತಿಲ್ಲ. ಪಾಲಿಸಿಯ ಪತ್ರ ಕೈಸೇರಿದ ಮೇಲೆ ಅದನ್ನು ಓದಿ ನೋಡಿ ಬೇಡವೆನಿಸಿದರೆ 30 ದಿನಗಳೊಳಗೆ ಹಿಂತಿರುಗಿಸಬಹುದು. ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯವಿಮೆಯ ಮೇಲೆ ಇದ್ದ ನೂರಕ್ಕೆ 18ರ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲ್ಪಟ್ಟಿದೆ. ಹಿಂದೆ ತೆರಿಗೆಸಹಿತ ಹೇಳಿದ ದರವನ್ನೇ ಈಗಲೂ ಮನಸ್ಸಿನಲ್ಲಿ ಇಟ್ಟುಕೊಂಡು ಹಿಂಜರಿಯುವವರು ಮತ್ತೊಮ್ಮೆ ವಿಚಾರಿಸಬೇಕು.

ತವರಿನ ಹೆರಿಗೆ

ಕನ್ನಡ ಕುಟುಂಬಗಳಿಗೆ ಪಾಲಿಸಿಯ ಆಯ್ಕೆಯಲ್ಲಿ ಬೇರೆಯವರಿಗೆ ಅಷ್ಟಾಗಿ ಇಲ್ಲದ ಒಂದು ಪ್ರಶ್ನೆಯಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿಯಿಂದ ಏಳನೆಯ ತಿಂಗಳು ಕಳೆಯುತ್ತಲೇ ಹುಡುಗಿ ಥಾಣೆಯಲ್ಲಿಯೋ ಪನವೇಲಿನಲ್ಲಿಯೋ ಕೊಂಕಣ ರೈಲನ್ನೇರಿ ಕುಂದಾಪುರಕ್ಕೋ ಉಡುಪಿಗೋ ಮಂಗಳೂರಿಗೋ ಹೋಗುತ್ತಾಳೆ. ಉತ್ತರ ಕರ್ನಾಟಕದವರಾದರೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಿಗೆ. ಪಾಲಿಸಿ ಡೊಂಬಿವಲಿಯದು, ಹೆರಿಗೆ ಮಣಿಪಾಲದ್ದು. ಇದರಿಂದ ಬಾಧೆಯಿಲ್ಲ, ಪಾಲಿಸಿಯು ದೇಶದಲ್ಲೆಲ್ಲ ಸಲ್ಲುತ್ತದೆ. ಆದರೆ ಅನೇಕ ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಮುಂಬಯಿ, ಥಾಣೆ, ನವಿಮುಂಬಯಿಗಳನ್ನು ಮೊದಲನೆಯ ವಲಯದಲ್ಲಿ ಇರಿಸಿ ಹೆಚ್ಚು ಪ್ರೀಮಿಯಂ ಪಡೆಯುತ್ತವೆ. ಪ್ರೀಮಿಯಂ ಉಳಿಯಲೆಂದು ಊರಿನ ವಿಳಾಸ ಕೊಟ್ಟು ಪಾಲಿಸಿ ಮಾಡಿಸುವವರುಂಟು. ಎರಡನೆಯ ಹೆರಿಗೆ ಥಾಣೆಯಲ್ಲಿಯೇ ಆದರೆ, ಅಗ್ಗದ ವಲಯದ ಪಾಲಿಸಿಯವರು ದುಬಾರಿ ವಲಯದಲ್ಲಿ ಚಿಕಿತ್ಸೆ ಪಡೆದುದಕ್ಕಾಗಿ ಬಿಲ್ಲಿನ ಒಂದು ಪಾಲನ್ನು ತಾವೇ ತೆರಬೇಕಾಗಿ ಬರುತ್ತದೆ. ವಾಸವಿರುವ ಊರಿನ ವಿಳಾಸವನ್ನೇ ಕೊಡುವುದು ಸತ್ಯಕ್ಕೂ ಹಿತ, ಕೈಚೀಲಕ್ಕೂ ಹಿತ.

ಆಸ್ಪತ್ರೆಯ ಗಾತ್ರವೂ ವಿಚಾರಾರ್ಹ. ಡೊಂಬಿವಲಿ, ಕಲ್ಯಾಣಗಳಲ್ಲಿ ಕಟ್ಟಡದ ಮೊದಲ ಮಹಡಿಯಲ್ಲಿ ಏಳೆಂಟು ಹಾಸಿಗೆಗಳ ಹೆರಿಗೆಮನೆಗಳು ಹಲವು ಇವೆ. ಮೂರು ತಲೆಮಾರುಗಳ ಹೆರಿಗೆ ಒಂದೇ ವೈದ್ಯಕುಟುಂಬದ ಕೈಯಲ್ಲಿ ಆದ ಮನೆತನಗಳೂ ಇವೆ. ವಿಮೆಯ ಪರಿಭಾಷೆಯಲ್ಲಿ ‘ಆಸ್ಪತ್ರೆ’ ಎನಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ಚಿಕಿತ್ಸಾಲಯಗಳ ಕೇಂದ್ರ ಕಾಯಿದೆಯಲ್ಲಿ ಅಥವಾ ಅದರ ಅನುಬಂಧದಲ್ಲಿ ಹೆಸರಿಸಿದ ರಾಜ್ಯ ಕಾಯಿದೆಗಳಲ್ಲಿ ನೋಂದಣಿಯಾಗಿರುವುದು. ಮುಂಬಯಿ ರಾಜ್ಯದ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯಿದೆಯು ಅವುಗಳಲ್ಲೊಂದು. ಇನ್ನೊಂದು, ಹತ್ತು ಲಕ್ಷಕ್ಕಿಂತ ಕಡಮೆ ಜನಸಂಖ್ಯೆಯ ಊರಿನಲ್ಲಿ 10, ಉಳಿದೆಡೆ 15 ಹಾಸಿಗೆಗಳು, ಹಗಲಿರುಳು ದಾದಿಯರು, ಶಸ್ತ್ರಕ್ರಿಯೆಯ ಕೋಣೆ ಮುಂತಾದ ಲಕ್ಷಣಗಳನ್ನು ಹೊಂದಿರುವುದು. 2011ರ ಜನಗಣತಿಯಲ್ಲಿ ಥಾಣೆ 18.4 ಲಕ್ಷ, ಕಲ್ಯಾಣ-ಡೊಂಬಿವಲಿ 12.5 ಲಕ್ಷ, ನವಿಮುಂಬಯಿ 11.2 ಲಕ್ಷ ಇದ್ದುದರಿಂದ ಇಲ್ಲಿ ಹದಿನೈದು ಹಾಸಿಗೆಗಳ ಅಳತೆಯೇ ಅನ್ವಯಿಸುತ್ತದೆ. ಪರಿಚಯದ ಚಿಕ್ಕ ಹೆರಿಗೆಮನೆಯನ್ನೇ ನೆಚ್ಚಿದವರು ಅದರ ನೋಂದಣಿಪತ್ರ ಚಾಲ್ತಿಯಲ್ಲಿದೆಯೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಕೇಳಲು ಸಂಕೋಚಪಡುವ ಕಾರಣವಿಲ್ಲ; ಆ ಪತ್ರವು ಸಾಮಾನ್ಯವಾಗಿ ಗೋಡೆಯ ಮೇಲೆಯೇ ತೂಗುತ್ತಿರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಕೋಣೆಯ ಬಾಡಿಗೆಯ ಮಿತಿ ಬೇರೊಂದು ಬಲೆ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಗಳ ಕೋಣೆ ಸಲ್ಲುವಾಗ ಬಾಣಂತಿಗೂ ಅವಳ ತಾಯಿಗೂ ಅನುಕೂಲವಾಗಲೆಂದು 10,000ದ ಕೋಣೆ ಹಿಡಿದರೆ, ಕೋಣೆಯ ಹೆಚ್ಚುವರಿಯೊಂದನ್ನೇ ಅಲ್ಲದೆ ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ, ಕಡಿತಗೊಳಿಸಲು ಅನೇಕ ಪಾಲಿಸಿಗಳಲ್ಲಿ ಅವಕಾಶವಿದೆ. ಔಷಧಿಗಳ ಬೆಲೆಗೆ ಈ ಕಡಿತ ತಾಗುವುದಿಲ್ಲ.

ಹಣವಿದ್ದವರು ಖಾಸಗಿ ಆಸ್ಪತ್ರೆಗೇ ಹೋಗಬೇಕೆಂಬ ನಿಯಮವೇನೂ ಇಲ್ಲವೆಂಬುದನ್ನೂ ಹೇಳಬೇಕು. ಜನನೀ ಶಿಶು ಸುರಕ್ಷಾ ಕಾರ್ಯಕ್ರಮವು 2011ರಿಂದ ಸರಕಾರೀ ಆಸ್ಪತ್ರೆಗಳಲ್ಲಿ ಹೆರಿಗೆಯನ್ನು, ಸಿಸೇರಿಯನ್ ಸಹಿತ, ಉಚಿತಗೊಳಿಸಿದೆ. ಔಷಧಿ, ಊಟ, ರಕ್ತ, ವಾಹನ, ಅಸ್ವಸ್ಥ ಕೂಸಿನ ಚಿಕಿತ್ಸೆ ಎಲ್ಲವೂ ಅದರಲ್ಲಿ ಸೇರಿವೆ. ಕಳವೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆಗಳು ಈ ಭಾಗದಲ್ಲಿವೆ; ತವರಿಗೆ ಹೋದವರಿಗೆ ಮಂಗಳೂರಿನ ಲೇಡಿ ಗೋಶನ್ ಇದೆ. ಜನಸಂದಣಿ, ಜಾಗದ ಇಕ್ಕಟ್ಟು ಇಲ್ಲದಿಲ್ಲ. ಆದರೂ ಕಾಯುವ ಅವಧಿ ಮುಗಿಯದೆ ಮಗು ಬಂದ ಕುಟುಂಬಕ್ಕೆ, ಸಾಲ ಮಾಡಿ ಖಾಸಗಿ ಬಿಲ್ಲು ಕಟ್ಟುವುದಕ್ಕಿಂತ ಇದು ಅವಮಾನದ ದಾರಿಯೇನಲ್ಲ. ಮಧ್ಯಮವರ್ಗದ ಕನ್ನಡಿಗರಲ್ಲಿ ಈ ಆಸ್ಪತ್ರೆಗಳ ಹೆಸರೆತ್ತಿದರೆ ಮೂಗುಮುರಿಯುವ ಅಭ್ಯಾಸ ಬಂದಿರುವುದು, ಅವರ ತಂದೆತಾಯಿಗಳಲ್ಲಿ ಎಷ್ಟೋ ಮಂದಿ ಇಂಥಲ್ಲಿಯೇ ಹುಟ್ಟಿದವರೆಂಬುದನ್ನು ನೆನೆದರೆ, ಸೋಜಿಗವೆನಿಸುತ್ತದೆ.

ಕ್ಲೇಮಿನ ಕ್ರಮ ಈಗ ಹಿಂದಿಗಿಂತ ಸುಗಮವಾಗಿದೆ. ಹೆರಿಗೆಯ ದಿನ ಹೆಚ್ಚುಕಡಮೆ ಮೊದಲೇ ತಿಳಿದಿರುವುದರಿಂದ, ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿಯೂ ಕ್ಯಾಶ್‌ಲೆಸ್ ಸೌಲಭ್ಯ ಬೇಕಾದರೆ 48 ಗಂಟೆಗಳ ಮುಂಚೆ ತಿಳಿಸಬೇಕೆಂಬ 2024ರ ವ್ಯವಸ್ಥೆಯನ್ನು ಬಳಸಿಕೊಳ್ಳುವುದು ಸುಲಭ. ಆಸ್ಪತ್ರೆಗೆ ಸೇರುವಾಗ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ವೇಳೆ ಮೂರು ಗಂಟೆಯೊಳಗೆ ಕಂಪನಿಯು ಉತ್ತರ ಕೊಡಬೇಕೆಂದು ಅದೇ ವರ್ಷದ ಮೇ ತಿಂಗಳ ಸುತ್ತೋಲೆಯಲ್ಲಿದೆ. ಕ್ಲೇಮನ್ನು ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ನರ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿಗಳವರೆಗಿನ ತಕರಾರುಗಳನ್ನು ಅವರು ತೀರ್ಮಾನಿಸಬಲ್ಲರು, ಅವರ ತೀರ್ಪು ಕಂಪನಿಗೆ ಬಂಧನಕಾರಿ. ಮೊದಲು ಥಾಣೆ, ನವಿಮುಂಬಯಿಗಳವರು ಇದಕ್ಕಾಗಿ ಪುಣೆಯ ಕಛೇರಿಗೆ ಬರೆಯಬೇಕಾಗಿತ್ತು. ಈಗ ಥಾಣೆಯಲ್ಲಿಯೇ ಪ್ರತ್ಯೇಕ ಕಛೇರಿ ಇದ್ದು ಥಾಣೆ ಜಿಲ್ಲೆಯೂ ನವಿಮುಂಬಯಿಯೂ ಅದರ ವ್ಯಾಪ್ತಿಗೆ ಸೇರಿವೆ.

ಉಳಿದುದು ಕೂಸಿನ ಹೆಸರನ್ನು ಪಾಲಿಸಿಗೆ ಸೇರಿಸುವ ಕೆಲಸ. ಜನನದ ನೋಂದಣಿಯು ಹುಟ್ಟಿದ ಊರಿನಲ್ಲಿಯೇ, 21 ದಿನಗಳೊಳಗೆ ಆಗಬೇಕು. ತವರಿನಲ್ಲಿ ಹೆರಿಗೆಯಾದರೆ ಪ್ರಮಾಣಪತ್ರ ಕೊಡುವುದು ಅಲ್ಲಿಯ ನಗರಸಭೆ ಅಥವಾ ಪಂಚಾಯತಿಯೇ ಹೊರತು ಕಲ್ಯಾಣ-ಡೊಂಬಿವಲಿಯ ಮಹಾನಗರಪಾಲಿಕೆಯಲ್ಲ. ಬಾಣಂತಿ ಮೂರನೆಯದೋ ಐದನೆಯದೋ ತಿಂಗಳಿನಲ್ಲಿ ಗಂಡನ ಮನೆಗೆ ಹಿಂತಿರುಗುವ ಹೊತ್ತಿಗೆ ಕೂಸನ್ನು ಸೇರಿಸಲು ಪಾಲಿಸಿಯಲ್ಲಿ ಕೊಟ್ಟ ಗಡುವು ದಾಟಿರುವುದುಂಟು. ನಾಮಕರಣ ತಡವಾಯಿತೆಂದು ಕಾಯುವ ಅಗತ್ಯವಿಲ್ಲ. ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು, ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಬರೆಯಿಸಬಹುದು. ಕಂಪನಿಯ ಪತ್ರದಲ್ಲಿ ಅಲ್ಲಿಯವರೆಗೆ ತಾಯಿಯ ಹೆಸರಿನ ಕೂಸು ಎಂದಿದ್ದರೆ ಸಾಕು.